ಕತ್ತರಿಗೆ ಕಾಸುಂಟು, ಮದ್ದಿಗಿಲ್ಲ: ನಮ್ಮ ಆರೋಗ್ಯ ವಿಮೆಯ ಹಳೇ ಕಥೆ

ಆರೋಗ್ಯ ವಿಮೆಯ ಪಾಲಿಸಿ ಪುಸ್ತಕವನ್ನ ಮೊದಲಿಂದ ಕೊನೆಯವರೆಗೆ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ಬರುವ ಉದ್ದನೆಯ ಒಪ್ಪಂದವನ್ನ ಓದದೇ 'ಒಪ್ಪಿದೆ' ಅಂತ ಒತ್ತಿ ಮುಂದೆ ಹೋಗುವ ಕುಲ ನಮ್ಮದು. ಪಾಲಿಸಿಗೂ ಅದೇ ಮರ್ಯಾದೆ :-) ಆದ್ರೆ ಈಚೆಗೆ ಎಲ್ಲಿ ನೋಡಿದ್ರೂ ತೂಕ ಇಳಿಸುವ ಇಂಜೆಕ್ಷನ್ನಿನದೇ ಮಾತು. ಆಫೀಸಿನ ಊಟದ ಮೇಜಿನಲ್ಲೂ ಅದೇ, ನಮ್ಮ ನಾಗರಬಾವಿಯ ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರ ಬಾಯಲ್ಲೂ ಅದೇ. "ಇನ್ಶೂರೆನ್ಸ್‌ನಲ್ಲಿ ಬರತ್ತಾ?" ಅನ್ನೋ ಪ್ರಶ್ನೆ ಕೂಡ ಜೊತೆಗೇ. ಅದಕ್ಕೇ ಪುಸ್ತಕ ತೆಗೆದು ಓದಿದೆ.

ಅದರಲ್ಲಿ 'ವಿಮೆ ಅನ್ವಯಿಸದ ವೆಚ್ಚಗಳು' ಅಂತ ಒಂದು ಪಟ್ಟಿ ಇರುತ್ತೆ. 6ನೇದು ಬೊಜ್ಜು ಮತ್ತು ತೂಕ ನಿಯಂತ್ರಣ. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2019ರಲ್ಲಿ ಈ ಪಟ್ಟಿಯ ಮಾತುಗಳನ್ನ ಎಲ್ಲ ಕಂಪನಿಗಳಿಗೂ ಒಂದೇ ರೀತಿ ಮಾಡಿತು. ಸಾರಾಂಶ ಇಷ್ಟು: ಬೊಜ್ಜಿಗೆ ಮಾಡಿಸುವ ಶಸ್ತ್ರಚಿಕಿತ್ಸೆಗೆ ದುಡ್ಡು ಸಿಗುತ್ತೆ, ಆದ್ರೆ ಷರತ್ತುಗಳಿವೆ. ವೈದ್ಯರೇ ಹೇಳಿರಬೇಕು, ವಯಸ್ಸು 18 ದಾಟಿರಬೇಕು. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35ರ ಮೇಲಿದ್ದು ಹೃದ್ರೋಗವೋ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೋ, ನಿದ್ದೆಯಲ್ಲಿ ಉಸಿರುಗಟ್ಟುವ ತೀವ್ರ ತೊಂದರೆಯೋ ಇದ್ದು, ಬೇರೆ ದಾರಿಗಳೆಲ್ಲ ಸೋತಿದ್ದರೂ ಆಗುತ್ತೆ.

ಇಂಜೆಕ್ಷನ್ನಿನ ಸುದ್ದಿ? ಇಲ್ಲವೇ ಇಲ್ಲ. ಮನೆಯಲ್ಲೇ ಕೂತು ವಾರಕ್ಕೊಮ್ಮೆ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳುವ ಮದ್ದಿಗೆ ಆಸ್ಪತ್ರೆಯ ಹಾಸಿಗೆ ಬೇಕಿಲ್ಲ. ಹಾಸಿಗೆ ಇಲ್ಲದ ಕಡೆ ನಮ್ಮ ವಿಮೆಯೂ ಇಲ್ಲ. ಅಂದ್ರೆ ಹೊಟ್ಟೆ ಕೊಯ್ಯಿಸಿಕೊಳ್ಳಲು ಲಕ್ಷಗಟ್ಟಲೆ ಕೊಡುವ ಪಾಲಿಸಿ, ಕೊಯ್ಯಿಸಿಕೊಳ್ಳದೇ ಇರಲು ಒಂದು ಪೈಸೆ ಕೊಡಲ್ಲ!

ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದ್ರೆ ಉತ್ತರ ಸಿಕ್ಕಿದ್ದು ವೈದ್ಯಶಾಸ್ತ್ರದಲ್ಲಲ್ಲ, ಇತಿಹಾಸದಲ್ಲಿ. ಅದರಲ್ಲೂ ಬಹುಪಾಲು ನಮ್ಮ ಕರ್ನಾಟಕದ ಇತಿಹಾಸದಲ್ಲೇ.

ಮಾತ್ರೆ ಕೊಟ್ಟ ವಿಮೆ

ನಮ್ಮಲ್ಲಿ ಸರ್ಕಾರಿ ವಿಮೆ ಶುರುವಾದದ್ದು ಜೀವದಿಂದ, ಆರೋಗ್ಯದಿಂದಲ್ಲ. 1891ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆ ತಂತು. ಅದೇ ಇವತ್ತಿನ ಕೆಜಿಐಡಿ. ನಿಮ್ಮ ಮನೇಲಿ ಸರ್ಕಾರಿ ನೌಕರರಿದ್ದರೆ ಸಂಬಳದ ಚೀಟಿಯಲ್ಲಿ ಈ ಹೆಸರು ನೋಡಿರ್ತೀರಿ. ಆದ್ರೆ ಅದು ಹೋದವರ ಮನೆಯವರಿಗೆ ಸಿಗುವ ದುಡ್ಡು. ಇದ್ದವರ ಕಾಯಿಲೆಗಲ್ಲ.

ಕಾಯಿಲೆಗೆ ವಿಮೆ ಬಂದದ್ದು ಕಾರ್ಖಾನೆಯ ಬಾಗಿಲಿಂದ. ಪ್ರೊ. ಬಿ.ಪಿ. ಅಡಾರ್ಕರ್ 1944ರಲ್ಲಿ ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆ ಬಗ್ಗೆ ವರದಿ ಕೊಟ್ಟರು. ಅದರ ಮೇಲೆ 1948ರಲ್ಲಿ ಇಎಸ್‌ಐ ಕಾಯ್ದೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯ್ತು. ಬೆಂಗಳೂರಿಗೆ ಬಂದದ್ದು 1958ರಲ್ಲಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಈ ಕಡೆಯವರಿಗೆಲ್ಲ ಗೊತ್ತು. ಬಸ್ ಸ್ಟಾಪಿನ ಹೆಸರೇ 'ಇಎಸ್‌ಐ' ಅಂತ ಹೇಳಿ ಟಿಕೆಟ್ ತಗೋತೀವಿ.

ಈ ಯೋಜನೆಯ ಸ್ವಭಾವ ಗಮನಿಸಿ. ಕಾರ್ಮಿಕನ ಸಂಬಳದಿಂದ ಚೂರು, ಮಾಲೀಕನಿಂದ ಅದಕ್ಕಿಂತ ಹೆಚ್ಚು (2019ರ ಜುಲೈಯಿಂದ ಕ್ರಮವಾಗಿ ಶೇ. 0.75 ಮತ್ತು ಶೇ. 3.25). ಇದಕ್ಕೆ ಬದಲಾಗಿ ಸಿಗೋದು ಬರೀ ಆಪರೇಷನ್ ಅಲ್ಲ. ಡಿಸ್ಪೆನ್ಸರಿಗೆ ಹೋದ್ರೆ ಡಾಕ್ಟರು, ಜ್ವರಕ್ಕೆ ಮಾತ್ರೆ, ಬಿಪಿಗೆ ತಿಂಗಳ ಮಾತ್ರೆ, ಹೆಂಡತಿ ಮಕ್ಕಳಿಗೂ ಚಿಕಿತ್ಸೆ. ಕೆಲಸಕ್ಕೆ ಹೋಗಲಾಗದಿದ್ರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70. ಕ್ಯೂ, ಮಾತ್ರೆ ಇಲ್ಲ ಅನ್ನೋ ಉತ್ತರ, ಇವೆಲ್ಲ ಇಎಸ್‌ಐ ಕಾರ್ಡ್ ಇದ್ದವರು ಹೇಳುವ ಮಾತೇ. ಆದ್ರೂ ತತ್ವ ನೋಡಿ: ಕಾಯಿಲೆ ದೊಡ್ಡದಾಗುವ ಮೊದಲೇ ನೋಡಿಕೊಳ್ಳುವುದು ವಿಮೆಯ ಕೆಲಸ ಅಂತ 1948ರಲ್ಲೇ ಒಪ್ಪಿಕೊಂಡಿದ್ದರು.

ತೊಂದರೆ ಇಷ್ಟೇ, ಇದು ಎಲ್ಲರಿಗೂ ಅಲ್ಲ. 2017ರಲ್ಲಿ ಸಂಬಳದ ಮಿತಿ 21,000 ರೂಪಾಯಿ ಅಂತ ಆಯ್ತು. ಪೀಣ್ಯದ ಫಿಟ್ಟರು, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಒಳಗೆ. ಹೊಲದಲ್ಲಿ ದುಡಿಯುವವರು, ಸ್ವಂತ ಅಂಗಡಿ ಇಟ್ಟವರು, ನನ್ನಂಥ ಕಂಪ್ಯೂಟರ್ ಕುಟ್ಟುವವರು ಹೊರಗೆ.

ಹಾಸಿಗೆ ಕೇಳುವ ವಿಮೆ

ಹೊರಗಿದ್ದ ಮಧ್ಯಮ ವರ್ಗಕ್ಕೆ 1986ರಲ್ಲಿ ಮೆಡಿಕ್ಲೈಮ್ ಬಂತು. ಸಾಮಾನ್ಯ ವಿಮೆ ಆಗ ಪೂರ್ತಿ ಸರ್ಕಾರದ ಕೈಯಲ್ಲಿತ್ತು (1973ರಲ್ಲಿ ರಾಷ್ಟ್ರೀಕರಣ ಆಗಿತ್ತು). ಜಿಐಸಿಯ ನಾಲ್ಕು ಕಂಪನಿಗಳು ಇದನ್ನ ಮಾರಿದವು. ಬೆಂಕಿ, ಅಪಘಾತ, ಹಡಗಿನ ಸರಕು ಇಂಥವಕ್ಕೆ ವಿಮೆ ಮಾಡಿ ಅಭ್ಯಾಸವಿದ್ದ ಕಂಪನಿಗಳು ಅವು. ಕಾಯಿಲೆಯನ್ನೂ ಅದೇ ಕಣ್ಣಲ್ಲಿ ನೋಡಿದವು. ಮನೆಗೆ ಬೆಂಕಿ ಬೀಳೋದು ಅಪರೂಪ, ಬಿದ್ದರೆ ದೊಡ್ಡ ನಷ್ಟ, ಬಿತ್ತೋ ಇಲ್ಲವೋ ಅಂತ ಕಣ್ಣಿಗೆ ಕಾಣುತ್ತೆ. ಹಾಗೇ ಆಸ್ಪತ್ರೆಗೆ ದಾಖಲಾಗೋದು ಅಪರೂಪ, ಖರ್ಚು ದೊಡ್ಡದು, ಡಿಸ್ಚಾರ್ಜ್ ಪತ್ರವೇ ಸಾಕ್ಷಿ. 24 ಗಂಟೆ ದಾಖಲಾಗಿರಬೇಕು ಅನ್ನೋ ನಿಯಮ ಈ ಯೋಚನೆಯ ಕೂಸು. 1999ರ ಕಾಯ್ದೆಯ ನಂತರ ಖಾಸಗಿ ಕಂಪನಿಗಳು ಬಂದವು, ಕಾರ್ಡುಗಳು ಬಣ್ಣಬಣ್ಣದವಾದವು. ಒಳಗಿನ ಅಸ್ಥಿಪಂಜರ ಮಾತ್ರ ಅದೇ ಉಳಿಯಿತು.

ಎಂಜಿನಿಯರ್ ಬುದ್ಧಿಯಲ್ಲಿ ನೋಡಿದ್ರೆ ಇದು ತಪ್ಪೇನಲ್ಲ. ಅಪರೂಪಕ್ಕೆ ಬರುವ ದೊಡ್ಡ ಹೊಡೆತವನ್ನ ಸಾವಿರ ಜನ ಹಂಚಿಕೊಳ್ಳೋದೇ ವಿಮೆ. ಪ್ರತಿ ತಿಂಗಳೂ ಖಚಿತವಾಗಿ ಬರುವ ಖರ್ಚನ್ನ ಹಂಚಿಕೊಳ್ಳೋಕೆ ಹೋದ್ರೆ ಅದು ವಿಮೆ ಅಲ್ಲ, ಚೀಟಿ ವ್ಯವಹಾರ. ಬೇಕಾದವರು ಮಾತ್ರ ಸೇರುತ್ತಾರೆ, ಕಂತು ಏರುತ್ತೆ, ಬೇಡದವರು ಬಿಟ್ಟು ಹೋಗುತ್ತಾರೆ, ಕಂತು ಇನ್ನೂ ಏರುತ್ತೆ.

ತಿಂಗಳಿಗೆ 5 ರೂಪಾಯಿ

ಇನ್ನು ರೈತರು. ಇಲ್ಲಿ ಕರ್ನಾಟಕ ಇಡೀ ದೇಶ ತಿರುಗಿ ನೋಡುವಂಥ ಕೆಲಸ ಮಾಡಿತು. ಯಶಸ್ವಿನಿ! ಡಾ. ದೇವಿ ಶೆಟ್ಟಿಯವರ ಯೋಚನೆ, ಎಸ್.ಎಂ. ಕೃಷ್ಣ ಸರ್ಕಾರದ ಬೆಂಬಲ. 2002ರ ನವೆಂಬರ್‌ನಲ್ಲಿ ಉದ್ಘಾಟನೆಯಾಗಿ, 2003ರ ಜೂನ್ 1ರಿಂದ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರಾಗಿರುವ ರೈತರಿಗೆ ವರ್ಷಕ್ಕೆ 60 ರೂಪಾಯಿ ಕಂತು, ಅಂದ್ರೆ ತಿಂಗಳಿಗೆ 5 ರೂಪಾಯಿ. ಮೊದಲ ವರ್ಷ ಸರ್ಕಾರವೂ ತನ್ನ ಪಾಲು ಹಾಕಿತು. ಮೊದಲ ವರ್ಷವೇ ಸೇರಿದವರು ಸುಮಾರು 16 ಲಕ್ಷ.

ಇಷ್ಟು ಕಡಿಮೆಗೆ ಹೇಗೆ ಸಾಧ್ಯ ಆಯ್ತು? ಎರಡು ಕಾರಣ. ಒಂದು, ಹಾಲಿನ ಡೈರಿ, ಸೊಸೈಟಿಗಳ ಜಾಲ ಹಳ್ಳಿಹಳ್ಳಿಯಲ್ಲಿ ಮೊದಲೇ ಇತ್ತು. ಏಜೆಂಟ್ ಬೇಕಿಲ್ಲ, ಲಕ್ಷಾಂತರ ಜನ ಒಟ್ಟಿಗೇ ಬಂದರು. ಎರಡು, 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳಿಗೆ ಆಸ್ಪತ್ರೆಗಳ ಜೊತೆ ಮೊದಲೇ ದರ ನಿಗದಿ ಮಾಡಿಕೊಂಡಿದ್ದರು. ಇಂಥ ಆಪರೇಷನ್ನಿಗೆ ಇಷ್ಟೇ, ಮೇಲೆ ಒಂದು ರೂಪಾಯಿ ಇಲ್ಲ.

ಆದ್ರೆ ಅದು ಶಸ್ತ್ರಚಿಕಿತ್ಸೆಯ ಯೋಜನೆ. ಸೇರಿದ ಆಸ್ಪತ್ರೆಗಳಲ್ಲಿ ಹೊರರೋಗಿಯಾಗಿ ಡಾಕ್ಟರನ್ನ ಪುಕ್ಕಟೆ ಕಾಣಬಹುದಿತ್ತು, ಮಾತ್ರೆ ಮಾತ್ರ ಸ್ವಂತ ದುಡ್ಡಲ್ಲಿ. ಶಸ್ತ್ರಚಿಕಿತ್ಸೆಯನ್ನೇ ಆರಿಸಿದ್ದಕ್ಕೆ ಕಾರಣವೂ ಸ್ಪಷ್ಟ: ಎಣಿಸಬಹುದು, ಮೊದಲೇ ಅನುಮತಿ ಕೊಡಬಹುದು, ಸುಮ್ಮಸುಮ್ಮನೆ ಯಾರೂ ಹೊಟ್ಟೆ ಕೊಯ್ಯಿಸಿಕೊಳ್ಳಲ್ಲ. 5 ರೂಪಾಯಿಯಲ್ಲಿ ಒಂದು ರಾಜ್ಯ ಅದಕ್ಕಿಂತ ಹೆಚ್ಚು ಮಾಡೋದು ಆಗ ಸಾಧ್ಯವೂ ಇರಲಿಲ್ಲ.

ಮುಂದೆ ಬಂದವೂ ಅದೇ ದಾರಿ ಹಿಡಿದವು. 2010ರಲ್ಲಿ ಕಲಬುರಗಿ ವಿಭಾಗದಿಂದ ಶುರುವಾದ ವಾಜಪೇಯಿ ಆರೋಗ್ಯಶ್ರೀ ಬಡತನ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಕೊಟ್ಟಿತು. ಇದರ ಫಲ ಏನು ಅನ್ನೋದನ್ನ ಚೆನ್ನಾಗಿ ಅಳೆದಿದ್ದಾರೆ. ಯೋಜನೆ ಬಂದ ಹಳ್ಳಿಗಳನ್ನೂ ಪಕ್ಕದಲ್ಲೇ ಇದ್ದು ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿ ಮಾಡಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಸೇರಿದ್ದ ಕಾಯಿಲೆಗಳಿಂದ ಬಡವರು ಸಾಯೋದು ಶೇ. 64ರಷ್ಟು ಕಡಿಮೆಯಾಗಿತ್ತು. ಕತ್ತರಿಗೆ ಕೊಟ್ಟ ಕಾಸು ದಂಡ ಅಂತ ಯಾರಾದ್ರೂ ಅಂದ್ರೆ ಈ ಅಂಕಿ ತೋರಿಸಿ.

2018ರಲ್ಲಿ ಯಶಸ್ವಿನಿಯೂ ಸೇರಿದಂತೆ ಹಲವು ಯೋಜನೆಗಳು ಆರೋಗ್ಯ ಕರ್ನಾಟಕದೊಳಗೆ ಸೇರಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದು ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡಿತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಸಹಕಾರಿಗಳು ಪಟ್ಟು ಹಿಡಿದದ್ದರಿಂದ 2022-23ರಲ್ಲಿ ಯಶಸ್ವಿನಿ ಮತ್ತೆ ಬಂತು. ಹಳ್ಳಿಯ ನಾಲ್ವರ ಕುಟುಂಬಕ್ಕೆ ಕಂತು 500 ರೂಪಾಯಿ.

ಹಾಗಂತ ಸರ್ಕಾರ ಮಾತ್ರೆ ಕೊಡ್ತಿಲ್ಲ ಅಂತಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ, ಶುಗರ್ ಮಾತ್ರೆ ಪುಕ್ಕಟೆ. ಆದ್ರೆ ಅದು ವಿಮೆಯ ದಾರಿ ಅಲ್ಲ, ಬೇರೆಯೇ ದಾರಿ. ಅಲ್ಲಿ ಸಿಗೋದು ಅಗ್ಗದ ಹಳೇ ಔಷಧಿ. ದುಬಾರಿ ಹೊಸ ಔಷಧಿ ಎರಡೂ ದಾರಿಯ ನಡುವೆ ಬೀಳುತ್ತೆ. ತೂಕದ ಇಂಜೆಕ್ಷನ್ ಬಿದ್ದಿರೋದೂ ಅಲ್ಲೇ.

ಹಳೇ ಗುಳಿಗೆಗಳ ಪಾಪ

ತೂಕದ ಮದ್ದು ಅಂದ್ರೆ ವಿಮೆಯವರು ಮೂಗು ಮುರಿಯೋದಕ್ಕೆ ಇನ್ನೊಂದು ಕಾರಣವೂ ಇದೆ. ಹಿಂದಿನವು ಕೆಟ್ಟ ಹೆಸರು ತಂದಿದ್ದವು. ಫೆನ್‌ಫ್ಲುರಮೀನ್ ಹೃದಯದ ಕವಾಟಕ್ಕೆ ಹಾನಿ ಮಾಡುತ್ತೆ ಅಂತ ಗೊತ್ತಾಗಿ 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೋಯ್ತು. ರಿಮೊನಬಾಂಟ್ 2006ರಲ್ಲಿ ಯೂರೋಪಿಗೆ ಬಂದು, ಖಿನ್ನತೆ ತರುತ್ತೆ ಅಂತ 2008ರಲ್ಲೇ ನಿಂತಿತು. ಭಾರತ ಅದನ್ನ 2009ರಲ್ಲಿ ನಿಷೇಧಿಸಿತು. ಸಿಬುಟ್ರಮೀನ್ ಹೃದಯಾಘಾತದ ಅಪಾಯದಿಂದ 2010ರಲ್ಲಿ ಪಶ್ಚಿಮದಲ್ಲಿ, 2011ರಲ್ಲಿ ನಮ್ಮಲ್ಲಿ ಮರೆಯಾಯ್ತು.

ಇವುಗಳ ನಡುವೆಯೇ ಅಮೆರಿಕದಲ್ಲಿ ಕಾನೂನು ರೂಪುಗೊಂಡಿತು. ಹಿರಿಯರಿಗಾಗಿ ಇರುವ ಮೆಡಿಕೇರ್‌ಗೆ 2003ರಲ್ಲಿ ಔಷಧಿ ವಿಮೆ ಸೇರಿಸಿದಾಗ, ತೂಕ ಇಳಿಸುವ ಔಷಧಿಗೆ ಕೊಡಬಾರದು ಅಂತ ಕಾಯ್ದೆಯಲ್ಲೇ ಬರೆದರು. ಕೂದಲು ಬೆಳೆಸುವ ಮದ್ದಿನ ಸಾಲಿನಲ್ಲಿ ಇದೂ ಒಂದು, ಬರೀ ಚೆಂದ ಕಾಣೋಕೆ ಅಂತ.

ಹೊಸ ಇಂಜೆಕ್ಷನ್ನುಗಳ ಕಥೆ ಬೇರೆ. ಗಿಲಾ ಮಾನ್‌ಸ್ಟರ್ ಅನ್ನೋ ವಿಷದ ಹಲ್ಲಿಯ ಎಂಜಲಲ್ಲಿ ಜಾನ್ ಎಂಗ್ ಎಂಬ ವೈದ್ಯ 1990ರ ಆಸುಪಾಸು ಕಂಡುಹಿಡಿದ ಹಾರ್ಮೋನಿನಂಥ ವಸ್ತುವಿನಿಂದ, 2005ರಲ್ಲಿ ಸಕ್ಕರೆ ಕಾಯಿಲೆಗೆ ಎಕ್ಸೆನಟೈಡ್ ಬಂತು. ಅದೇ ಬಳಗದ ಲಿರಾಗ್ಲುಟೈಡ್ ಆಮೇಲೆ, 2017ರಲ್ಲಿ ಸೆಮಾಗ್ಲುಟೈಡ್ (ಒಜೆಂಪಿಕ್). 2021ರಲ್ಲಿ ಅದೇ ಮದ್ದು ತೂಕಕ್ಕಾಗಿ ವೆಗೋವಿ ಅನ್ನೋ ಹೆಸರಲ್ಲಿ ಬಂತು. ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರ ಹತ್ತಿರ ತೂಕ ಇಳಿಯಿತು. 2023ರ ದೊಡ್ಡ ಪ್ರಯೋಗವೊಂದರಲ್ಲಿ, ಹೃದ್ರೋಗವೂ ಹೆಚ್ಚು ತೂಕವೂ ಇದ್ದ 17 ಸಾವಿರಕ್ಕೂ ಹೆಚ್ಚು ಜನರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಹೊಡೆತಗಳು ಶೇ. 20 ಕಡಿಮೆಯಾದವು. ಮರುವರ್ಷ ಮೆಡಿಕೇರ್ 'ಹೃದಯಕ್ಕಾಗಿ ಅಂದ್ರೆ ಕೊಡಬಹುದು' ಅಂದಿತು. ಮದ್ದು ಅದೇ, ಸೂಜಿ ಅದೇ. ಚೀಟಿಯಲ್ಲಿ ಬರೆಯೋ ಕಾಯಿಲೆಯ ಹೆಸರು ಬದಲಾದ್ರೆ ದುಡ್ಡು!

ಲೆಕ್ಕ ಹಾಕೋಣ

ಹಾಗಾದ್ರೆ ಇದು ಮುಂದಿನ ಆಸ್ಪತ್ರೆ ಖರ್ಚು ಉಳಿಸುತ್ತೆ, ವಿಮೆಯವರು ಖುಷಿಯಿಂದ ಕೊಡಬೇಕಲ್ಲ? ಅಮೆರಿಕ ಸಂಸತ್ತಿನ ಬಜೆಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ಇದೇ ಲೆಕ್ಕ ಹಾಕಿತು. ಮೆಡಿಕೇರ್ ಈ ಔಷಧಿಗೆ ಕೊಟ್ಟರೆ 2026ರಿಂದ 2034ರವರೆಗೆ ಸುಮಾರು 3,500 ಕೋಟಿ ಡಾಲರ್ ಹೊರೆ. ಜನ ಆರೋಗ್ಯವಾಗಿ ಉಳಿಯೋದರಿಂದ ಆಗುವ ಉಳಿತಾಯ? 340 ಕೋಟಿ ಡಾಲರ್. ಹತ್ತರಲ್ಲೊಂದು ಪಾಲೂ ಇಲ್ಲ. ನಾರ್ತ್ ಕೆರೊಲಿನಾ ರಾಜ್ಯದ ನೌಕರರ ವಿಮೆ 2023ರಲ್ಲಿ ಇದಕ್ಕೇ ಸುಮಾರು 10 ಕೋಟಿ ಡಾಲರ್ ಸುರಿದು, 2024ರ ಏಪ್ರಿಲ್‌ನಿಂದ ತೂಕಕ್ಕೆ ಕೊಡೋದನ್ನ ನಿಲ್ಲಿಸಿತು. ಔಷಧಿ ಬಿಟ್ಟ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ವಾಪಸ್ ಬರುತ್ತೆ ಅನ್ನೋದು ಇನ್ನೊಂದು ತಲೆನೋವು. ಅಂದ್ರೆ ಇದು ಒಂದು ಕೋರ್ಸ್ ಮುಗಿಸುವ ಮದ್ದಲ್ಲ, ಬಿಪಿ ಮಾತ್ರೆಯ ಹಾಗೆ ನಡೆಯುತ್ತಲೇ ಇರಬೇಕು.

ಈಗ ನಮ್ಮ ಲೆಕ್ಕ. 2025ರ ಮಾರ್ಚ್‌ನಲ್ಲಿ ಮೌಂಜಾರೋ ಭಾರತಕ್ಕೆ ಬಂದಾಗ 5 ಮಿ.ಗ್ರಾಂ. ಸೀಸೆಗೆ 4,375 ರೂ. ವಾರಕ್ಕೊಂದರಂತೆ ತಿಂಗಳಿಗೆ 17,500, ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು. ಇಎಸ್‌ಐ ಮಿತಿಯ 21,000 ಸಂಬಳದವನಿಗೆ ಇದನ್ನ ಕೊಂಡ ಮೇಲೆ ಉಳಿಯೋದು 3,500. ಒಬ್ಬನ ಒಂದು ತಿಂಗಳ ಇಂಜೆಕ್ಷನ್ ದುಡ್ಡಲ್ಲಿ 35 ರೈತ ಕುಟುಂಬಗಳ ಒಂದು ವರ್ಷದ ಯಶಸ್ವಿನಿ ಕಂತು ಕಟ್ಟಬಹುದು.

ಇದನ್ನ ಬರೆಯುವಾಗ ಇನ್ನೊಂದು ಅಂಕಿ ಕಣ್ಣಿಗೆ ಬೀಳುತ್ತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಮೂವರು ಹೆಂಗಸರಿಗೆ ಹೆಚ್ಚು ತೂಕ. ಅದೇ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ, ಐದು ವರ್ಷದೊಳಗಿನ ಮೂರರಲ್ಲೊಂದು ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಒಂದೇ ಖಜಾನೆ ಇವರೆಲ್ಲರನ್ನೂ ನೋಡಬೇಕು. ಹಾಗಾಗಿ 'ಸರ್ಕಾರ ಇಂಜೆಕ್ಷನ್ ಕೊಡಲಿ' ಅಂತ ಸುಲಭವಾಗಿ ಹೇಳೋಕೆ ನನಗೆ ಬಾಯಿ ಬರಲ್ಲ.

ಬೆಲೆ ಇಳಿಸಿದ್ದು ಯಾರು?

ಆದ್ರೆ ಇಲ್ಲಿಗೇ ಕಥೆ ಮುಗಿಯಲ್ಲ. ನಮ್ಮಲ್ಲಿ ಔಷಧಿ ಬೆಲೆ ಇಳಿಸಿದ್ದು ವಿಮೆ ಅಲ್ಲ, ಪೈಪೋಟಿ. 1970ರ ಪೇಟೆಂಟ್ ಕಾಯ್ದೆ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಿಗೇ ಅಲ್ಲ. ದೇಶಿ ಔಷಧ ಉದ್ಯಮ ಬೆಳೆದದ್ದು ಆ ನೆರಳಲ್ಲಿ. 2005ರಲ್ಲಿ ಔಷಧಿಗೂ ಪೇಟೆಂಟ್ ಬಂತು, ಅಲ್ಲಿಂದ ಮುಂದೆ ಅವಧಿ ಮುಗಿಯೋವರೆಗೆ ಕಾಯಬೇಕು. ಕಾದರೆ ಏನಾಗುತ್ತೆ? ನಮ್ಮಪ್ಪನ ಔಷಧಿ ಚೀಟಿಯಲ್ಲೇ ಇದೆ ಉದಾಹರಣೆ. ಶುಗರ್‌ಗೆ ಕೊಡುವ ಎಂಪಾಗ್ಲಿಫ್ಲೋಜಿನ್ ಮಾತ್ರೆ ಒಂದಕ್ಕೆ 60 ರೂಪಾಯಿಯ ಹತ್ತಿರ ಇತ್ತು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದದ್ದೇ ತಡ, 10 ರೂಪಾಯಿಗಿಂತ ಕಡಿಮೆಗೆ ಬೇರೆ ಕಂಪನಿಗಳ ಮಾತ್ರೆ ಬಂದವು. ಮೆಡಿಕಲ್ ಸ್ಟೋರಿನ ತಿಂಗಳ ಬಿಲ್ಲು ನೋಡಿ ಅಪ್ಪ ಎರಡು ಸಲ ಕೂಡಿ ನೋಡಿದರು.

ಭಾರತದಲ್ಲಿ ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ. 2025ರ ಜೂನ್‌ನಲ್ಲಿ ಇಲ್ಲಿಗೆ ಬಂದ ವೆಗೋವಿಯ ಆರಂಭದ ಡೋಸಿಗೆ ತಿಂಗಳಿಗೆ 17,345 ರೂ. ಇತ್ತು. ಆ ಗಡುವಿನ ನೆರಳು ಕಂಡದ್ದೇ ಕಂಪನಿ ಅದೇ ನವೆಂಬರ್‌ನಲ್ಲಿ 10,850ಕ್ಕೆ ಇಳಿಸಿತು. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಗ್ಯಾರೇಜಿನಲ್ಲಿ ಶುರುಮಾಡಿದ ಬಯೋಕಾನ್, 2004ರಲ್ಲಿ ಸ್ವಂತ ಇನ್ಸುಲಿನ್ ತಂದದ್ದು ಗೊತ್ತೇ ಇದೆ. ಅದೇ ಕಂಪನಿಗೆ 2024ರಲ್ಲಿ ಲಿರಾಗ್ಲುಟೈಡ್ ಮಾರಲು ಬ್ರಿಟನ್‌ನಲ್ಲಿ ಅನುಮತಿ ಸಿಕ್ಕಿತು. ಅಂದ್ರೆ ಈ ಮದ್ದು ಮಾಡುವ ವಿದ್ಯೆ ನಮ್ಮೂರಲ್ಲೇ ಇದೆ.

ಹಾಗಾಗಿ ನನಗೆ ಅನ್ನಿಸೋದು ಇಷ್ಟು. ಬೆಲೆ 17,500 ಇದ್ದಾಗ ವಿಮೆ ಬೇಡ ಅಂದದ್ದು ಲೆಕ್ಕದ ಮಾತು, ಒಪ್ಪೋಣ. ಬೆಲೆ ಅದರ ಹತ್ತನೇ ಒಂದು ಪಾಲಿಗೆ ಇಳಿದ ಮೇಲೂ ಬೇಡ ಅಂದ್ರೆ ಅದು ಲೆಕ್ಕ ಅಲ್ಲ, 1986ರ ಅಭ್ಯಾಸ. ಬಿಎಂಐ 40 ಆಗೋವರೆಗೆ ಕಾದು ಆಪರೇಷನ್ನಿಗೆ ಕೊಡುವ ಪಾಲಿಸಿ, 33ರಲ್ಲೇ ಮಂಡಿನೋವು, ಶುಗರ್ ಎರಡೂ ಇರುವವರಿಗೆ 'ಇನ್ನೂ ಸ್ವಲ್ಪ ದಪ್ಪ ಆಗಿ ಬನ್ನಿ' ಅಂತ ಹೇಳಿದಂತೆ.

ದಾರಿ ನಮ್ಮ ಇತಿಹಾಸದಲ್ಲೇ ಇದೆ. ಹೊರರೋಗಿಯ ಔಷಧಿಯೂ ವಿಮೆಯ ಭಾಗ ಅಂತ ಒಪ್ಪಿದ್ದು ಇಎಸ್‌ಐ. ಕೊಡುವ ಮೊದಲು ಬೆಲೆಗೆ ಚೌಕಾಸಿ ಮಾಡಬೇಕು, ಗುಂಪಾಗಿ ಹೋದ್ರೆ ಬೆಲೆ ಇಳಿಯುತ್ತೆ ಅಂತ ತೋರಿಸಿದ್ದು ಯಶಸ್ವಿನಿ. ಎರಡೂ ಸೇರಬೇಕು. ಎಲ್ಲರಿಗೂ ಅಲ್ಲ, ಮದುವೆಗೆ ಮುಂಚೆ ಐದು ಕೆಜಿ ಇಳಿಸಬೇಕು ಅನ್ನೋರಿಗೆ ಖಂಡಿತ ಅಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದು ವೈದ್ಯರು ಬೇಕು ಅಂದವರಿಗೆ, ನಿಗದಿ ಮಾಡಿದ ಬೆಲೆಗೆ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧಿಗಳನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದೂ ಇಂಥ ರೋಗಿಗಳಿಗಾಗಿಯೇ.

ನಿಮ್ಮ ಮನೆಯಲ್ಲಿ ಇಎಸ್‌ಐ ಕಾರ್ಡ್ ಹಿಡಿದು ಡಿಸ್ಪೆನ್ಸರಿಗೆ ಹೋದವರಿದ್ದಾರಾ? ಊರಲ್ಲಿ ಯಶಸ್ವಿನಿಯಿಂದ ಆಪರೇಷನ್ ಆದವರು? ಆಮೇಲಿನ ಮಾತ್ರೆ ಖರ್ಚಿಗೆ ಅವರು ಏನು ಮಾಡಿದರು? ಅಂಥ ಕಥೆಗಳಿದ್ರೆ ಹೇಳಿ, ಅಂಕಿಗಳಲ್ಲಿ ಸಿಗದ ಇತಿಹಾಸ ಇರೋದು ಅಲ್ಲೇ.